ಅಣ್ಣನ ರಕ್ತ, ತಂಗಿಯ ಬಾಳು



ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಅಸ್ಥಿಮಜ್ಜೆಯ ಕಸಿ ಮಾಡುವುದನ್ನು ನೀವು ಕೇಳಿರಬಹುದು. ಮಜ್ಜೆಯಲ್ಲಿರುವ ಕಾಂಡಕೋಶಗಳೇ ರಕ್ತದ ಬೀಜ. ನಮ್ಮ ದೇಶದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ, 1986ರಲ್ಲಿ ವೆಲ್ಲೂರಿನಲ್ಲಿ ಈ ಚಿಕಿತ್ಸೆ ಶುರುವಾಯಿತು. ಈಗ ಬೆಂಗಳೂರಿನಲ್ಲೂ ಮಾಡುತ್ತಾರೆ. ಅಂದು ಕಸಿಯಾದ ಎಷ್ಟೋ ಮಕ್ಕಳು ಇಂದು ದೊಡ್ಡವರಾಗಿದ್ದಾರೆ.

ಹರಿಹರದಲ್ಲಿರುವ ನನ್ನ ಓರಗಿತ್ತಿಯ ಮಗಳೂ ಅಂಥವಳೇ. ಮೊದಲು ಮೂರು-ನಾಲ್ಕು ವಾರಕ್ಕೊಮ್ಮೆ ದಾವಣಗೆರೆಗೆ ತಂದು ರಕ್ತ ಹಾಕಿಸಬೇಕಿತ್ತು. ಒಡಹುಟ್ಟಿದವರ ಮಜ್ಜೆ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಪುಣ್ಯಕ್ಕೆ ಅಣ್ಣನದು ಹೊಂದಿತು. ಏಳನೇ ವಯಸ್ಸಿಗೆ ಕಸಿಯಾಯಿತು. ಈಗ ಹತ್ತೊಂಬತ್ತು, ಕಾಲೇಜಿಗೆ ಹೋಗುತ್ತಾಳೆ. ಅವಳ ರಕ್ತದ ಗುಂಪೂ ಅಣ್ಣನದೇ ಆಗಿದೆ!

“ವಾಸಿ ಆಯ್ತಲ್ರೀ, ಇನ್ನೂ ಯಾಕೆ ಆಸ್ಪತ್ರೆಗೆ ಅಲೀತೀರಿ?” ಅಂತ ಕೇಳೋರು ಬಹಳ. ಅಲೆಯಲೇಬೇಕು. ಹಳೆಯ ಮಜ್ಜೆಯನ್ನು ಅಳಿಸಲು ಕೊಡುವ ಕಟುವಾದ ಔಷಧ ಬೆಳೆಯುವ ಮೈಯಲ್ಲಿ ತನ್ನ ಗುರುತು ಬಿಡಬಹುದು. ಥೈರಾಯ್ಡ್ ಕುಗ್ಗಬಹುದು, ಮೂಳೆ ಸವೆಯಬಹುದು. ಹುಡುಗಿ ಹದಿಮೂರು ತುಂಬಿದರೂ ಬೆಳವಣಿಗೆಯ ಲಕ್ಷಣ ತೋರದಿದ್ದರೆ ಸಂಕೋಚಪಟ್ಟು ಸುಮ್ಮನಿರಬೇಡಿ. ವೈದ್ಯರು ಹಾರ್ಮೋನ್ ಮಾತ್ರೆ ಕೊಡುತ್ತಾರೆ. ಅದು ಮೂಳೆಗೂ ಒಳ್ಳೆಯದು.

“ಮಗು ಬಿಳಿಚಿಕೊಂಡಿದೆ” ಎಂದು ನೀವಾಗಿಯೇ ಕಬ್ಬಿಣದ ಟಾನಿಕ್ ಕುಡಿಸಬೇಡಿ. ವರ್ಷಗಟ್ಟಲೆ ಹಾಕಿಸಿದ ರಕ್ತದ ಕಬ್ಬಿಣ ಪಿತ್ತಜನಕಾಂಗ, ಹೃದಯಗಳಲ್ಲಿ ಕೂತಿರುತ್ತದೆ. ಫೆರಿಟಿನ್ ಪರೀಕ್ಷೆ ನೋಡಿ ಅದನ್ನು ಇಳಿಸುವುದು ವೈದ್ಯರ ಕೆಲಸ. ಎಳೆತನದಲ್ಲಿ ಹಾಕಿಸಿದ ಲಸಿಕೆಗಳ ಬಲವೂ ಕಸಿಯ ನಂತರ ಉಳಿಯುವುದಿಲ್ಲ. ಅವರು ಹೇಳಿದ ಕಾಲಕ್ಕೆ ಮತ್ತೆ ಹಾಕಿಸಿ.

ಊಟದ ಮಾತು. ಮೊದಮೊದಲು ಬಿಸಿಬಿಸಿ ಮನೆಯೂಟ, ಕಾಯಿಸಿ ಆರಿಸಿದ ನೀರು. ವೈದ್ಯರು ಒಪ್ಪಿದ ಮೇಲೆ ನಮ್ಮೂರ ಬೆಣ್ಣೆದೋಸೆ, ಮಂಡಕ್ಕಿ-ಮೆಣಸಿನಕಾಯಿ ಎಲ್ಲಾ ತಿನ್ನಲಿ ಬಿಡಿ. ಕಾಯಿಲೆಯವಳು ಅಂತ ಜಾತ್ರೆಗೂ ಕಳಿಸದೆ ಮೂಲೆಯಲ್ಲಿ ಕೂರಿಸಿದರೆ ಬದುಕಿಸಿ ಏನು ಬಂತು?

ಇನ್ನು ಮದುವೆ. ಓರಗಿತ್ತಿ, “ಯಾರಿಗೂ ಹೇಳೋದು ಬ್ಯಾಡ” ಅಂದಾಗ ಹುಡುಗಿಯೇ, “ಮುಚ್ಚಿಟ್ಟು ಮಾಡೋ ಮದುವೆ ನಂಗೆ ಬ್ಯಾಡಮ್ಮ” ಅಂದಳು. ಅವಳ ಮಾತೇ ಸರಿ. ರಕ್ತ ಅಣ್ಣನದಾದರೂ ಅಂಡಾಣು ಅವಳದೇ. ಹಾಗಾಗಿ ಥಲಸ್ಸೇಮಿಯಾದ ಅಂಶ ಮಕ್ಕಳಿಗೆ ಹರಿಯುತ್ತದೆ. ಗಂಡಿಗೂ ಆ ಅಂಶ ಇದ್ದರೆ ಮಗುವಿಗೆ ಕಾಯಿಲೆಯೇ ಬರಬಹುದು. ಜಾತಕಕ್ಕೆ ಮುಂಚೆ ಗಂಡಿನ ರಕ್ತ ಪರೀಕ್ಷೆಯಾಗಲಿ. ಕಸಿಯಾದವರಲ್ಲಿ ಕೆಲವರು ತಾಯಂದಿರಾಗಿದ್ದಾರೆ, ಕೆಲವರಿಗೆ ಅದು ಕಷ್ಟ. ಇದನ್ನೂ ತಜ್ಞರಲ್ಲಿ ಕೇಳಿ, ಗಂಡಿನ ಮನೆಯವರಿಗೆ ಮೊದಲೇ ತಿಳಿಸಿ.

ಒಂದು ಕೆಲಸ ಮರೆಯಬೇಡಿ. ಕಸಿಯ ಕಾಗದಪತ್ರ, ಕೊಟ್ಟ ಔಷಧಗಳ ವಿವರ, ವರ್ಷವರ್ಷದ ತಪಾಸಣೆಯ ಚೀಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಪಾನವಾಗಿಡಿ. ಮಗಳು ಗಂಡನ ಮನೆಗೆ ಹೊರಟಾಗ ಒಡವೆಯ ಜೊತೆ ಅದನ್ನೂ ಕೈಗಿಡಿ.