ಹಳೇ ಲ್ಯಾಪ್‌ಟಾಪ್ ಮಾರಬ್ಯಾಡ್ರಿ, ಮೊದಲು ಲಿನಕ್ಸ್ ಹಾಕಿ ನೋಡ್ರಿ

1/6

ಫೋಟೋದಾಗ ಕಾಣ್ತಿರೋ ಲ್ಯಾಪ್‌ಟಾಪ್ ನಮ್ಮ ಅಣ್ಣಂದು. ಒಂದು ಮೂಲಿ ಒಡೆದದ, ಬ್ಯಾಟರಿ ಅರ್ಧ ತಾಸಿಗೇ ಸುಸ್ತು, 4 ಜಿಬಿ ರ‍್ಯಾಮ್. ಹೋದ ವರ್ಷ ಇದನ್ನ ಗುಜರಿಗೆ ಹಾಕೋದೊಂದೇ ಬಾಕಿ ಇತ್ತು. ಈಗ ಈ ಕ್ಯಾಪ್ಷನ್ ಟೈಪ್ ಮಾಡ್ತಿರೋದು ಇದರ ಮ್ಯಾಲೇ.

ಎರಡು ವರ್ಷದಾಗ ಮೂರು ಸಲ ಇದನ್ನ ಅಂಗಡಿಗೆ ಒಯ್ದು "ಫಾರ್ಮ್ಯಾಟ್" ಮಾಡಿಸಿದ್ವಿ. ಪ್ರತಿ ಸಲ 500 ರೂಪಾಯಿ. ಅವರು ಹಾಕಿಕೊಟ್ಟಿದ್ದು ಕ್ರ್ಯಾಕ್ ಮಾಡಿದ ವಿಂಡೋಸ್. ಮೂರನೇ ಸಲ ಡಿ ಡ್ರೈವ್ ಸಮೇತ ಅಳಿಸಿ ಕೊಟ್ರು. ನನ್ನ ಪ್ರಾಜೆಕ್ಟ್ ರಿಪೋರ್ಟ್ ಹೋಯ್ತು, ತೀರಿಹೋದ ಅಜ್ಜಿಯ ಫೋಟೋಗಳೂ ಹೋದವು. ರಿಪೋರ್ಟ್ ರಾತ್ರಿ ಎಲ್ಲಾ ಕೂತು ಮತ್ತ ಬರದೆ. ಅಜ್ಜಿ ಫೋಟೋ ಎಲ್ಲಿಂದ ತರಲಿ?

ಅವತ್ತು ಸಿಟ್ಟು ಅಂಗಡಿಯವರ ಮ್ಯಾಲ ಬಂತು. ಆಮೇಲೆ ನನ್ನ ಮ್ಯಾಲೇ ಬಂತು. ನಮ್ಮ ಮನಿ ಯಂತ್ರದೊಳಗ ಏನದ, ಯಾವ ಫೈಲ್ ಎಲ್ಲದ ಅನ್ನೋದು ನನಗೇ ಗೊತ್ತಿರಲಿಲ್ಲ. ಕೀಲಿ ಬ್ಯಾರೆಯವರ ಕೈಯಾಗ ಕೊಟ್ಟು ನಾನು ಹೊರಗ ನಿಂತಿದ್ದೆ.

ಅದಕ್ಕೇ ಈ ಸರಣಿ. ನನ್ನ ಅಭಿಪ್ರಾಯ ಇಷ್ಟೇ: ನಮ್ಮ ಔರಾದದಾಗ ಓದೋ ಪ್ರತಿಯೊಬ್ಬರೂ ಒಂದು ಸಲವಾದ್ರೂ ಲಿನಕ್ಸ್ ಹಾಕಿ ನೋಡಬೇಕು. ನಿಮ್ಮ ಯಂತ್ರದ ಕೀಲಿ ನಿಮ್ಮ ಕೈಗೆ ಬರ್ತದ.

2/6

"ಲಿನಕ್ಸ್ ಅಂದ್ರ ಹ್ಯಾಕರ್‌ಗಳದ್ದು, ಕರಿ ಪರದೆ ಮ್ಯಾಲ ಹಸಿರು ಅಕ್ಷರ" ಅಂತ ನನಗೂ ಅನಿಸಿತ್ತು. ಆದ್ರ ನೀವು ಇದನ್ನ ಆಂಡ್ರಾಯ್ಡ್ ಫೋನಿನಾಗ ಓದ್ತಿದ್ರ, ಲಿನಕ್ಸ್ ನಿಮ್ಮ ಕೈಯಾಗೇ ಅದ. ಆಂಡ್ರಾಯ್ಡ್ ನಿಂತಿರೋದು ಲಿನಕ್ಸ್ ಕರ್ನಲ್ ಮ್ಯಾಲ. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿರೋ ಎಲ್ಲವೂ ಲಿನಕ್ಸ್‌ನಲ್ಲೇ ನಡೀತಾವ.

ಇದನ್ನ ಶುರು ಮಾಡಿದವನೂ ನಮ್ಮಂಥ ವಿದ್ಯಾರ್ಥಿ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದ್ತಿದ್ದ 21 ವರ್ಷದ ಲಿನಸ್ ಟೊರ್ವಾಲ್ಡ್ಸ್, 1991ರ ಆಗಸ್ಟ್ 25ರಂದು "ಹವ್ಯಾಸಕ್ಕಂತ ಒಂದು ಆಪರೇಟಿಂಗ್ ಸಿಸ್ಟಮ್ ಬರೀತಿದ್ದೀನಿ" ಅನ್ನೋ ಅರ್ಥದಾಗ ಎಲ್ಲರಿಗೂ ತಿಳಿಸಿದ. ಅದಕ್ಕೂ ಮೊದಲು, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ 'ಗ್ನೂ' ಯೋಜನೆ ಘೋಷಿಸಿದ್ರು. ಸ್ಟಾಲ್ಮನ್ ಹೇಳಿದ್ದು ನಾಲ್ಕು ಸ್ವಾತಂತ್ರ್ಯ: ತಂತ್ರಾಂಶವನ್ನ ಬೇಕಾದ ಕೆಲಸಕ್ಕೆ ಬಳಸೋದು, ಬಿಚ್ಚಿ ಓದೋದು, ತಿದ್ದೋದು, ಹಂಚೋದು. ಎರಡೂ ಕೂಡಿದ ಮ್ಯಾಲೇ ಇವತ್ತು ನಾವು ಬಳಸೋ ಲಿನಕ್ಸ್ ಆಯ್ತು.

ಇಂಗ್ಲಿಷಿನಾಗ 'ಫ್ರೀ' ಅಂದ್ರ ಎರಡು ಅರ್ಥ, ಅದಕ್ಕೇ ಜನ ತಪ್ಪು ತಿಳೀತಾರ. ಕನ್ನಡದಾಗ ಆ ಗೊಂದಲ ಇಲ್ಲ. ಪುಕ್ಕಟೆ ಬ್ಯಾರೆ, ಮುಕ್ತ ಬ್ಯಾರೆ. ಲಿನಕ್ಸ್ ಹೆಚ್ಚಾಗಿ ಪುಕ್ಕಟೆ ಸಿಗ್ತದ, ಆದ್ರ ನನಗ ಬೇಕಾಗಿರೋದು ಅದು ಮುಕ್ತ ಅನ್ನೋದು. ನಮ್ಮ ಕಡೆಯವರಿಗೆ ದಾಸೋಹ ಅಂದ್ರ ತಟ್ಟನೆ ತಿಳೀತದ: ಉಂಡವರೇ ನಾಳೆ ಬಡಿಸೋಕೂ ನಿಲ್ಲಬಹುದು, ಅಡುಗಿ ಮನಿ ಬಾಗಿಲು ಯಾರಿಗೂ ಮುಚ್ಚಿಲ್ಲ.

3/6

"ಈಗಲೇ ಯಾಕ?" ಅಂತ ಕೇಳ್ತೀರಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ಮುಗೀತು. ವಿಂಡೋಸ್ 11 ಹಾಕಬೇಕಂದ್ರ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದ್ರ ಹೆಚ್ಚುಕಮ್ಮಿ 8ನೇ ಪೀಳಿಗೆ ಇಲ್ಲಾ ಅದರ ನಂತರದ ಪ್ರೊಸೆಸರ್ ಬೇಕು. ನಮ್ಮಲ್ಲಿ ಎಷ್ಟೋ ಮಂದಿ ಹತ್ರ ಇರೋದು ಸೆಕೆಂಡ್‌ಹ್ಯಾಂಡ್ ಯಂತ್ರ. ಅಪ್ಪ ಸೋಯಾ ಮಾರಿದ ರೊಕ್ಕದಾಗ ಕೊಡಿಸಿದ ಲ್ಯಾಪ್‌ಟಾಪನ್ನ "ಹಳೇದಾಯ್ತು, ಹೊಸದು ಬೇಕು" ಅಂತ ಹೇಳೋಕೆ ಬಾಯಿ ಬರ್ತದೇನು? ಕೀಬೋರ್ಡ್ ಛಲೋ ಅದ, ಪರದೆ ಛಲೋ ಅದ. ಹಳೇದಾಗಿರೋದು ಕಂಪನಿಯ ಪಟ್ಟಿಯಲ್ಲಿ ಅಷ್ಟೇ.

ಇನ್ನು ಕ್ರ್ಯಾಕ್ ವಿಂಡೋಸ್ ಮಾತು. ಕ್ರ್ಯಾಕ್ ಓಡಿಸೋಕೆ ಮೊದಲು ಆಂಟಿವೈರಸ್ ಬಂದ್ ಮಾಡು ಅಂತಾರ. ವಿಚಾರ ಮಾಡ್ರಿ: ಯಾರೋ ಗೊತ್ತಿಲ್ಲದವರು ಬರೆದ ಪ್ರೋಗ್ರಾಂ ಒಳಗ ಬಿಡೋಕೆ ನಾವೇ ಕಾವಲುಗಾರನ್ನ ಮನಿಗೆ ಕಳಿಸ್ತೀವಿ. ಅದೇ ಯಂತ್ರದಾಗ ಆಮೇಲೆ ಸ್ಕಾಲರ್‌ಶಿಪ್ ಅರ್ಜಿ, ಆಧಾರ್, ಬ್ಯಾಂಕ್ ಪಾಸ್‌ವರ್ಡ್ ಎಲ್ಲಾ ಹಾಕ್ತೀವಿ.

ಲಿನಕ್ಸ್‌ನಾಗ ಕಾಪಿ ಮಾಡೋದು ಕಳ್ಳತನ ಅಲ್ಲ. ಲಿನಕ್ಸ್ ಮಿಂಟ್‌ನ ಒಂದು ಐಎಸ್ಒ ಫೈಲ್ ಸುಮಾರು 3 ಜಿಬಿ. ನಮ್ಮ ದಿನದ ಡೇಟಾ ಪ್ಯಾಕಿಗೆ ಅದು ಭಾರವೇ. ಆದ್ರ ಕ್ಲಾಸಿನಾಗ ಒಬ್ಬರು ಇಳಿಸಿಕೊಂಡ್ರ ಸಾಕು, ಉಳಿದವರೆಲ್ಲ ಪೆನ್‌ಡ್ರೈವಿನಾಗ ಹಂಚಿಕೋಬಹುದು. ಲೈಸೆನ್ಸೇ ಹಂಚೋಕೆ ಒಪ್ಪಿಗಿ ಕೊಡ್ತದ.

4/6

ಈಗ ಸ್ವಲ್ಪ ದೂರ ಹೋಗೋಣ. 1956ರಾಗ ನಮ್ಮ ಬೀದರ್ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ, ಅಂದ್ರ ಇವತ್ತಿನ ಕರ್ನಾಟಕಕ್ಕೆ ಬಂತು. ಅದೇ ವರ್ಷ ಕಾಸರಗೋಡು ಕೇರಳಕ್ಕೆ ಹೋಯ್ತು. ಇಬ್ಬರೂ ಗಡಿ ಮಂದಿ. ಆದ್ರ ಕಂಪ್ಯೂಟರ್ ವಿಷಯದಾಗ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ನಮಗಿಂತ ಮುಂದ ಅದಾರ.

ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಐಟಿ ಪಾಠ ನಡೆಯೋದೇ ಲಿನಕ್ಸ್ ಮ್ಯಾಲ. 'ಐಟಿ@ಸ್ಕೂಲ್' ಅಂತ ಶುರುವಾದ ಯೋಜನೆ 2017ರಲ್ಲಿ 'ಕೈಟ್' ಅನ್ನೋ ಸರ್ಕಾರಿ ಸಂಸ್ಥೆ ಆಯ್ತು. ಉಬುಂಟುವನ್ನ ತಮ್ಮ ಶಾಲೆಗಳಿಗೆ ಹೊಂದಿಸಿ ಅವರೇ ತಯಾರು ಮಾಡ್ತಾರ. ಐಸಿಟಿ ಪಠ್ಯಪುಸ್ತಕ ಕನ್ನಡದಾಗೂ ಅದ. ಅಲ್ಲಿನ ಹೈಸ್ಕೂಲ್ ಹುಡುಗಿಗೆ ಲಿಬ್ರೆಆಫೀಸ್, ಜಿಂಪ್ ಅಂದ್ರ ಹೊಸ ಹೆಸರೇ ಅಲ್ಲ. ಕರಿ ಪರದೆಯ ಭಯ ಅವಳಿಗೆ ಇಲ್ಲ, ಯಾಕಂದ್ರ ಮೊದಲಿಂದ ನೋಡಿದ್ದೇ ಅದು. ನಮ್ಮ ಭಯ ಬರೀ ರೂಢಿಯದ್ದು.

ಕನ್ನಡದ ಮಾತು ಬಂತು. ನಿಜಾಮರ ಕಾಲದಾಗ ಹೊರಗ ಉರ್ದು ಬೋರ್ಡ್ ಹಾಕಿ ಒಳಗ ಕನ್ನಡ ಕಲಿಸಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರ ಕಥಿ ನಮಗೆಲ್ಲ ಗೊತ್ತು. ಅವರು ಹುಟ್ಟಿದ್ದು ನಮ್ಮ ಪಕ್ಕದ ಕಮಲನಗರದಾಗ. ಅಷ್ಟು ಕಷ್ಟಪಟ್ಟು ಉಳಿಸಿಕೊಟ್ಟ ಅಕ್ಷರ ನಮ್ಮ ಕಂಪ್ಯೂಟರಿನಾಗ ಕಾಣಬೇಕು ಅನ್ನೋದು ದೊಡ್ಡ ಆಸೆ ಏನಲ್ಲ.

ಲಿನಕ್ಸ್‌ನಾಗ ಕನ್ನಡ ಕೀಬೋರ್ಡ್ ಮೊದಲೇ ಇರ್ತದ, ಸೆಟ್ಟಿಂಗ್ಸ್‌ನಾಗ ಸೇರಿಸಿಕೊಂಡ್ರ ಆಯ್ತು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಾವು ಕಲಿತ ಕಗಪ ವಿನ್ಯಾಸವೂ ಆ ಪಟ್ಟಿಯಲ್ಲಿ ಅದ. ಗುಬ್ಬಿ, ನವಿಲು ಅನ್ನೋ ಚಂದದ ಮುಕ್ತ ಕನ್ನಡ ಫಾಂಟ್‌ಗಳೂ ಸಿಗ್ತಾವ. ಮೆನುಗಳನ್ನೂ ಕನ್ನಡಕ್ಕೆ ಬದಲಿಸಬಹುದು. ಖರೇ ಹೇಳಬೇಕಂದ್ರ ಅನುವಾದ ಪೂರ್ತಿ ಆಗಿಲ್ಲ, ನಡುನಡುವ ಇಂಗ್ಲಿಷ್ ಇಣುಕ್ತದ, ಕೆಲವು ಶಬ್ದ ನಗು ತರಿಸ್ತಾವ. ಆದ್ರ ತಿದ್ದೋ ಅವಕಾಶ ನಮಗೇ ಅದ. ಫೈರ್‌ಫಾಕ್ಸ್ ಅನುವಾದ ಪಾಂಟೂನ್‌ನಾಗ, ಲಿಬ್ರೆಆಫೀಸ್‌ದು ವೆಬ್ಲೇಟ್‌ನಾಗ ನಡೀತದ. ನೀವು ಔರಾದದಾಗ ಕೂತು ಸೂಚಿಸಿದ ಒಂದು ಶಬ್ದ, ಒಪ್ಪಿಗಿ ಆದ್ರ, ಎಲ್ಲಾ ಕನ್ನಡಿಗರ ಪರದೆ ಮ್ಯಾಲ ಬರ್ತದ.

5/6

ಬರೀ ಹೊಗಳಿದ್ರ ನಂಬಬ್ಯಾಡ್ರಿ. ತೊಂದರೆಗಳೂ ಅದಾವ.

▪️ ಬಿ.ಕಾಂ ದೋಸ್ತರೇ, ಟ್ಯಾಲಿ ವಿಂಡೋಸ್‌ಗಂತಲೇ ಮಾಡಿದ್ದು. ಟ್ಯಾಲಿ ಕಲಿಯೋರು ವಿಂಡೋಸ್ ಪೂರ್ತಿ ತೆಗೀಬ್ಯಾಡ್ರಿ, ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಳ್ರಿ.
▪️ ಫೋಟೋಶಾಪ್ ಬರಲ್ಲ. ಬ್ಯಾನರ್ ಕೆಲಸ ಮಾಡೋರಿಗೆ ಜಿಂಪ್, ಇಂಕ್‌ಸ್ಕೇಪ್ ಅದಾವ, ಆದ್ರ ಕೈ ಕೂಡೋಕೆ ವಾರಗಟ್ಟಲೆ ಬೇಕು.
▪️ ವ್ಯಾಲರೆಂಟ್ ಆಡೋರು ಆಸೆ ಬಿಡ್ರಿ 😅
▪️ ಹಳೇ ನುಡಿ ಫಾಂಟಿನಾಗ ಟೈಪ್ ಮಾಡಿದ ಫೈಲ್ ತೆಗೆದ್ರ ಚಿತ್ರವಿಚಿತ್ರ ಅಕ್ಷರ ಕಾಣ್ತಾವ. ಅದು ಯೂನಿಕೋಡ್ ಅಲ್ಲದ ಕಾರಣಕ್ಕೆ. ಪರಿವರ್ತಕ ಬಳಸಿ ಬದಲಿಸಬೇಕು.
▪️ ವರ್ಡ್ ಫೈಲ್ ಲಿಬ್ರೆಆಫೀಸ್‌ನಾಗ ತೆರೀತದ, ಆದ್ರ ಟೇಬಲ್ ಒಮ್ಮೊಮ್ಮೆ ಜಾರ್ತದ. ರಿಪೋರ್ಟ್ ಕೊಡುವಾಗ ಪಿಡಿಎಫ್ ಮಾಡಿ ಕೊಡ್ರಿ.
▪️ 4 ಜಿಬಿ ರ‍್ಯಾಮ್ 4 ಜಿಬಿಯೇ. ಇಪ್ಪತ್ತು ಟ್ಯಾಬ್ ತೆಗೆದ್ರ ಯಾವ ಸಿಸ್ಟಮ್ ಆದ್ರೂ ತೂಕಡಿಸ್ತದ.

ಬಿಸಿಎ, ಡಿಪ್ಲೊಮಾ, ಬಿಎಸ್ಸಿ ಓದೋರಿಗೆ ಮಾತ್ರ ನಾನು ಜೋರಾಗೇ ಹೇಳ್ತೀನಿ: ಕಲೀರಿ. ಪೈಥಾನ್, ಸಿ, ಜಾವಾ ಎಲ್ಲಾ ಸಲೀಸಾಗಿ ನಡೀತಾವ. ನಾಳೆ ಬೆಂಗಳೂರಿನಾಗೋ ಹೈದರಾಬಾದಿನಾಗೋ ಸರ್ವರ್ ಕೆಲಸಕ್ಕೆ ಹೋದ್ರ ಎದುರಿಗೆ ಇರೋದು ಬಹುತೇಕ ಲಿನಕ್ಸೇ. ಅಲ್ಲಿ ಹೋಗಿ ಮೊದಲ ಸಲ ಕರಿ ಪರದೆ ನೋಡಿ ಬೆವರೋದಕ್ಕಿಂತ ಇಲ್ಲೇ ಮನಿ ಕಟ್ಟಿ ಮ್ಯಾಲ ಕೂತು ತಪ್ಪು ಮಾಡೋದು ಛಲೋ.

6/6 (ಸೇವ್ ಮಾಡಿಟ್ಟುಕೊಳ್ರಿ)

ಹೊಸಬರಿಗೆ ನನ್ನ ಸಲಹೆ ಲಿನಕ್ಸ್ ಮಿಂಟ್. ನೋಡೋಕೆ ವಿಂಡೋಸ್ ಹಂಗೇ ಕೆಳಗ ಮೆನು ಇರ್ತದ. ಹಳೇ ಯಂತ್ರಕ್ಕೆ ಅದರ 'ಎಕ್ಸ್ಎಫ್‌ಸಿಇ' ಆವೃತ್ತಿ ಹಗುರ. ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಬೇಕು, 4 ಜಿಬಿ ರ‍್ಯಾಮ್ ಇದ್ರ ಆರಾಮ.

1. ಮೊದಲು ಫೋಟೋ, ನೋಟ್ಸ್, ಸರ್ಟಿಫಿಕೇಟ್ ಎಲ್ಲಾ ಬ್ಯಾರೆ ಕಡೆ ಕಾಪಿ ಮಾಡ್ರಿ. ನನ್ನ ಅಜ್ಜಿ ಫೋಟೋ ನೆನಪಿರಲಿ.
2. ಐಎಸ್ಒ ಫೈಲನ್ನ ಮಿಂಟ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ರಿ.
3. 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಅನ್ನೋ ಪುಟ್ಟ ಪ್ರೋಗ್ರಾಂನಿಂದ ಬರೀರಿ. ಪೆನ್‌ಡ್ರೈವಿನಾಗ ಇದ್ದಿದ್ದು ಅಳಿಸಿ ಹೋಗ್ತದ, ಖಾಲಿ ಇರೋದು ತಗೊಳ್ರಿ.
4. ಲ್ಯಾಪ್‌ಟಾಪ್ ಆನ್ ಮಾಡೋವಾಗ ಬೂಟ್ ಮೆನು ಕೀ ಒತ್ರಿ. ಡೆಲ್, ಲೆನೊವೊದಾಗ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್ ಆರಿಸ್ರಿ.
5. ಈಗ ಮಿಂಟ್ ಪೆನ್‌ಡ್ರೈವಿನಿಂದಲೇ ನಡೀತದ. ಡಿಸ್ಕ್‌ಗೆ ಏನೂ ಆಗಿರಲ್ಲ. ಸ್ವಲ್ಪ ನಿಧಾನ ಇರ್ತದ, ಹೆದರಬ್ಯಾಡ್ರಿ. ವೈಫೈ, ಸೌಂಡ್, ಕ್ಯಾಮೆರಾ ನೋಡ್ರಿ. ಸೇರಲಿಲ್ಲಂದ್ರ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡ್ರಿ, ಹಳೇ ವಿಂಡೋಸ್ ಹಂಗೇ ಇರ್ತದ.
6. ಸೇರಿದ್ರ ಮಾತ್ರ ಇನ್‌ಸ್ಟಾಲ್. ವಿಂಡೋಸ್ ಪಕ್ಕದಾಗ ಹಾಕೋದು ಒಂದು ಆಯ್ಕೆ, ಡಿಸ್ಕ್ ಪೂರ್ತಿ ಅಳಿಸೋದು ಇನ್ನೊಂದು. ಎರಡು ಸಲ ಓದಿ ಒತ್ರಿ. ಬಿಟ್‌ಲಾಕರ್ ಆನ್ ಇದ್ರ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ರಿ. ಚಾರ್ಜರ್ ಹಚ್ಚಿರಿ, ನಡುವ ಕರೆಂಟ್ ಹೋದ್ರೂ ನಡೆಯೋ ಹಂಗ ಬ್ಯಾಟರಿ ತುಂಬಿರಲಿ.

ನಾನು ಎಕ್ಸ್‌ಪರ್ಟ್ ಅಲ್ಲ. ಮೊದಲ ವಾರ ವೈಫೈ ಹತ್ತಲಿಲ್ಲ, ಫೋನಿಂದ ಯುಎಸ್‌ಬಿ ಕೇಬಲ್‌ನಾಗ ನೆಟ್ ಕೊಟ್ಟು ಡ್ರೈವರ್ ಹಾಕಿಕೊಂಡೆ. ಆ ರಾತ್ರಿ ವೈಫೈ ಚಿಹ್ನೆ ಕಂಡಾಗ ಆದ ಖುಷಿ ಮೂರು ಸಲ ಫಾರ್ಮ್ಯಾಟ್ ಮಾಡಿಸಿದಾಗಲೂ ಆಗಿರಲಿಲ್ಲ.

ಕ್ಲಾಸಿನವರೇ, ಐಎಸ್ಒ ನನ್ನ ಹತ್ರ ಅದ, ಡೇಟಾ ಖರ್ಚು ಮಾಡಬ್ಯಾಡ್ರಿ. ಈ ಭಾನುವಾರ ಖಾಲಿ ಪೆನ್‌ಡ್ರೈವ್ ತಗೊಂಡು ಬರ್ರಿ. ಭಾಲ್ಕಿ, ಬೀದರ್ ಕಡೆಯವರು ಯಾವ ಲ್ಯಾಪ್‌ಟಾಪ್, ಎಷ್ಟು ರ‍್ಯಾಮ್ ಅಂತ ಕೆಳಗ ಬರೀರಿ, ಗೊತ್ತಿದ್ದಷ್ಟು ಹೇಳ್ತೀನಿ. ಹುಡುಗಿಯರೇ, "ಅಣ್ಣ ಮಾಡಿಕೊಡ್ತಾನ" ಅಂತ ಕೂಡಬ್ಯಾಡ್ರಿ, ಪೆನ್‌ಡ್ರೈವ್ ನೀವೇ ಹಚ್ಚಿರಿ.

#ಔರಾದ #ಬೀದರ್ #ಭಾಲ್ಕಿ #ಲಿನಕ್ಸ್ #ಮುಕ್ತತಂತ್ರಾಂಶ #ಕನ್ನಡದಲ್ಲಿಕಂಪ್ಯೂಟರ್