ಅಣ್ಣ ಪುಸ್ತಕ ಓದಿರಲಿಲ್ಲ

ಮೊದಲೇ ಹೇಳಿಬಿಡ್ತೀನಿ. ಈ ವಾರ ‘ಗೇಮ್ ಆಫ್ ಥ್ರೋನ್ಸ್’ ಕಥೆಯ ಗುಟ್ಟುಗಳೆಲ್ಲ ಹೊರಗೆ ಬರ್ತವೆ. ಇನ್ನೂ ನೋಡಿಲ್ಲ, ನೋಡಬೇಕು ಅಂತಿದ್ದರೆ ಈ ಅಂಕಣವನ್ನು ಸೇವ್ ಮಾಡಿಟ್ಟುಕೊಂಡು ಆಮೇಲೆ ಓದಿ.

ಸೀರಿಯಲ್ ಮುಗಿದದ್ದು 2019ರ ಮೇ ತಿಂಗಳಲ್ಲಿ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಅದರ ಜಗಳ ಮಾತ್ರ ಇವತ್ತಿಗೂ ಮುಗಿದಿಲ್ಲ. ಅಲ್ಲಿ ಎರಡು ಪಕ್ಷ. ಪುಸ್ತಕ ಓದಿ ಸೀರಿಯಲ್ ನೋಡಿದವರದ್ದು ಒಂದು, ಸೀರಿಯಲ್ ಅಷ್ಟೇ ನೋಡಿದವರದ್ದು ಇನ್ನೊಂದು. ನಾನು ಮೊದಲನೇ ಪಕ್ಷದವನು. ಹಾಸ್ಟೆಲ್‌ನಲ್ಲಿದ್ದಾಗ ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ಐದೂ ಸಂಪುಟ ಓದಿದ್ದೆ. ಯಾರಾದರೂ ಸೀರಿಯಲ್ ಬಗ್ಗೆ ಮಾತು ತೆಗೆದರೆ ಸಾಕು, ‘ಪುಸ್ತಕದಲ್ಲಿ ಹಾಗಿಲ್ಲ’ ಅಂತ ಶುರು ಮಾಡಿಬಿಡ್ತಿದ್ದೆ. ಎದುರಿಗಿದ್ದವರ ಬಾಯಿ ಮುಚ್ಚಿಸೋಕೆ ಅದಕ್ಕಿಂತ ಸುಲಭದ ಮಾತು ಇಲ್ಲ.

ಆ ಮಾತನ್ನು ನಾನು ಈಗ ಬಿಟ್ಟಿದ್ದೀನಿ. ಯಾಕೆ ಅಂತ ಹೇಳೋಕೆ ನಮ್ಮೂರಿಗೆ ಹೋಗಬೇಕು.

ಹಳಿಯಾಳ ತಾಲ್ಲೂಕಿನ ತೇರಗಾಂವ ನಮ್ಮೂರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಹೆಗಲಿಗೆ ಹಾಕ್ಕೊಂಡು ಬೆಂಗಳೂರಿಂದ ಮನೆಗೆ ಬಂದೆ. ಮನೆಯಲ್ಲಿ ಅಪ್ಪ, ಅವ್ವ, ಅಣ್ಣ, ವೈನಿ. ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಬಿ.ಎಸ್ಸಿ. ಮುಗಿಸಿ ಹೊಲ ನೋಡಿಕೊಂಡಿದ್ದಾನೆ. ಕಬ್ಬು, ಭತ್ತ, ಒಂದಿಷ್ಟು ಗೋವಿನಜೋಳ.

ನೆಟ್‌ವರ್ಕ್ ಸಿಗ್ತಿದ್ದದ್ದು ಮಾಳಿಗೆ ಮೇಲೆ ಮಾತ್ರ. ಹಗಲೆಲ್ಲ ಅಲ್ಲೇ ನನ್ನ ಆಫೀಸು. ಮಧ್ಯಾಹ್ನ ಒಂದೆರಡು ಎಪಿಸೋಡ್ ಡೌನ್‌ಲೋಡ್‌ಗೆ ಹಾಕಿಡ್ತಿದ್ದೆ. ರಾತ್ರಿ ಊಟ ಆದ ಮೇಲೆ ಅಣ್ಣ ಮೇಲೆ ಬರ್ತಿದ್ದ. ಇಬ್ಬರೂ ಗೋಡೆಗೆ ಒರಗಿ ಕೂತು ನೋಡೋದು. ಅವ್ವ ಮೆಟ್ಟಿಲು ಹತ್ತೋ ಸಪ್ಪಳ ಕೇಳಿದರೆ ಕೈ ಸೀದಾ ಸ್ಪೇಸ್‌ಬಾರ್‌ಗೆ. ಈ ಸೀರಿಯಲ್ ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಎಂಟು ಸೀಸನ್, 73 ಎಪಿಸೋಡ್. ಅಣ್ಣ ಒಂದನ್ನೂ ಬಿಡಲಿಲ್ಲ. ಕೆಳಗೆ ಬರೋ ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡೇ ಪೂರ್ತಿ ಕಥೆ ಹಿಡಿದ. ಯಾರು ಯಾರ ಮಗ, ಯಾವ ಮನೆತನದ ಬಾವುಟದಲ್ಲಿ ಯಾವ ಪ್ರಾಣಿ, ಎಲ್ಲ ನೆನಪು.

ನಾಲ್ಕನೇ ಸೀಸನ್ನಿನ ಕೊನೇ ಎಪಿಸೋಡಿಗೆ ಬಂದೆವು. ಅಕ್ಕನ ಮಗ ರಾಜ ಜಾಫ್ರಿಯನ್ನು ಕೊಂದ ಅನ್ನೋ ಸುಳ್ಳು ಆರೋಪದ ಮೇಲೆ ಕುಳ್ಳ ಟಿರಿಯನ್‌ಗೆ ಮರಣದಂಡನೆ ಆಗಿರುತ್ತೆ. ರಾತ್ರಿ ಅಣ್ಣ ಜೇಮಿ ಕದ್ದು ಬಂದು ಸೆರೆಮನೆಯಿಂದ ಬಿಡಿಸ್ತಾನೆ. ಇಬ್ಬರೂ ತಬ್ಬಿಕೊಳ್ತಾರೆ. ಹೊರಗೆ ಹಡಗು ಕಾದಿದೆ. ಟಿರಿಯನ್ ಆ ಕಡೆ ಹೋಗೋದು ಬಿಟ್ಟು ಅಪ್ಪ ಟೈವಿನ್‌ನ ಕೋಣೆಗೆ ಹತ್ತಿ ಹೋಗಿ ಅವನನ್ನು ಕೊಲ್ತಾನೆ.

ಅಣ್ಣ ಕೇಳಿದ: ‘ಅಲ್ಲೋ ತಮ್ಮಾ, ಜೀವ ಉಳಿಸ್ಕೊಂಡು ಓಡಬೇಕಾದಂವ ಅಪ್ಪನ ಖೋಲಿಗೆ ಯಾಕ ಹೊಂಟ? ಇಲ್ಲೇನೋ ಬಿಟ್ಟಾರ ಅನಸ್ತದ.’

ನಾನು ನಕ್ಕು ಅಂದೆ: ‘ಪುಸ್ತಕ ಓದಿದ್ದರ ಗೊತ್ತಾಕ್ಕಿತ್ತು. ಅದು ನಿನ್ನ ಕೈಲೆ ಆಗೂದಲ್ಲ ಬಿಡು, ದಪ್ಪ ಪುಸ್ತಕ.’

ಅಣ್ಣ ಏನೂ ಅನ್ನಲಿಲ್ಲ. ‘ಮುಂದಿಂದು ಹಚ್ಚು’ ಅಂದ.

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಓದಿದವರಿಗೆ ಆ ಪ್ರಶ್ನೆ ಹುಟ್ಟೋದೇ ಇಲ್ಲ, ಉತ್ತರ ಮೊದಲೇ ತಲೆಯಲ್ಲಿರುತ್ತೆ. ಸೀರಿಯಲ್ ಬಿಟ್ಟ ಜಾಗವನ್ನು ನಾವು ಗೊತ್ತಿಲ್ಲದೇ ನಮ್ಮ ನೆನಪಿನಿಂದ ತುಂಬಿಕೊಂಡು ನೋಡ್ತೀವಿ. ತೆರೆ ಮೇಲೆ ನಿಜಕ್ಕೂ ಏನಿದೆ, ಏನಿಲ್ಲ ಅನ್ನೋದು ಕಾಣೋದು ಓದದೇ ನೋಡಿದವರಿಗೇ. ಇದು ನನಗೆ ಹೊಳೆಯೋಕೆ ನಾಲ್ಕು ವರ್ಷ ಬೇಕಾಯಿತು.

ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ‘ಓದದೇ ನೋಡಿದವರು’ ಮೊದಲಿಂದಲೂ ಇದ್ದಾರೆ. ಅವ್ವನಿಗೆ ‘ಮಾಲ್ಗುಡಿ ಡೇಸ್’ನ ಸ್ವಾಮಿ ಗೊತ್ತು, ಅಂದರೆ ಮಾಸ್ಟರ್ ಮಂಜುನಾಥ್ ಗೊತ್ತು. ಮೈಸೂರಿನಲ್ಲಿದ್ದ ಆರ್. ಕೆ. ನಾರಾಯಣ್ ಅದನ್ನು ಇಂಗ್ಲಿಷಿನಲ್ಲಿ ಬರೆದರು, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು, ಟಿವಿಯಲ್ಲಿ ಹಿಂದಿಯಲ್ಲಿ ಬಂತು. ಅವ್ವ ಆ ಪುಸ್ತಕ ಮುಟ್ಟಿಲ್ಲ. ಆದರೂ ಸ್ವಾಮಿ ಅವಳಿಗೆ ಪಕ್ಕದ ಮನೆ ಹುಡುಗ. ಅದೇ ನಾರಾಯಣ್ ಅವರ ‘ಗೈಡ್’ 1965ರಲ್ಲಿ ಹಿಂದಿ ಸಿನಿಮಾ ಆದಾಗ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಪುಟ್ಟ ಮಾಲ್ಗುಡಿಯನ್ನು ಬಿಟ್ಟು ಎಲ್ಲೆಲ್ಲೋ ಹೋಗಿ ದೊಡ್ಡದಾಗಿ ಮಾಡಿದರು ಅಂತ ಅವರಿಗೆ ಬೇಜಾರು. ‘ದಾರಿ ತಪ್ಪಿದ ಗೈಡ್’ ಅನ್ನೋ ಅರ್ಥ ಬರುವ ಹೆಸರಿಟ್ಟು ಒಂದು ಪ್ರಬಂಧವನ್ನೇ ಬರೆದರು. ಸಿನಿಮಾ ಮಾತ್ರ ಇವತ್ತಿಗೂ ಜನರ ನೆನಪಿನಲ್ಲಿದೆ. ಬರೆದವರ ಬೇಜಾರೂ ನಿಜ, ನೋಡಿದವರ ಖುಷಿಯೂ ನಿಜ.

ನಾವು ಎಂಟನೇ ಸೀಸನ್‌ಗೆ ಬಂದಾಗ ನಾನು ಪೂರ್ತಿ ಸಿಟ್ಟಿನಲ್ಲಿದ್ದೆ. ಐದನೇ ಸಂಪುಟ ಬಂದದ್ದು 2011ರಲ್ಲಿ, ಸೀರಿಯಲ್ ಶುರುವಾದ ವರ್ಷವೇ. ಆರನೇದು ಬರಲೇ ಇಲ್ಲ. ಸೀರಿಯಲ್ ಪುಸ್ತಕವನ್ನು ದಾಟಿ ಮುಂದೆ ಹೋಯಿತು. ಕೊನೇ ಸೀಸನ್ ಆರೇ ಎಪಿಸೋಡಿನಲ್ಲಿ ಓಡೋಡಿ ಮುಗಿಯಿತು. ನಾನು ಪ್ರತಿ ಐದು ನಿಮಿಷಕ್ಕೆ ಒಮ್ಮೆ ಬೈಕೊಂಡೇ ನೋಡ್ತಿದ್ದೆ.

ಕೊನೆಗೆ ಒಂದು ಎಪಿಸೋಡ್ ಬಾಕಿ ಇರುವಾಗ ಜೇಮಿ ಸೆರೆಯಲ್ಲಿರ್ತಾನೆ. ಈ ಸಲ ಟಿರಿಯನ್ ಕದ್ದು ಬಂದು ಅವನನ್ನು ಬಿಡ್ತಾನೆ. ಮತ್ತೆ ಇಬ್ಬರೂ ತಬ್ಬಿಕೊಂಡು ಅಳ್ತಾರೆ.

ಅಣ್ಣ ಮೆಲ್ಲಗೆ ಅಂದ: ‘ಅಂದು ಅಂವ ಬಿಡಿಸಿದ್ದ, ಇಂದು ಇಂವ ಬಿಡಿಸಿದ. ಸಾಲ ತೀರಿಸಿದ ನೋಡು.’

ನನಗೆ ಅದು ಕಂಡೇ ಇರಲಿಲ್ಲ. ಬೈಯೋದರಲ್ಲೇ ಬಿಜಿ ಇದ್ದೆ.

ಇಷ್ಟು ಹಳೇ ಕಥೆ. ಈಗ 2024ರ ದೀಪಾವಳಿಗೆ ಬರೋಣ.

ಆ ಸೆಪ್ಟೆಂಬರ್‌ನಲ್ಲಿ ಮಾರ್ಟಿನ್ ತಮ್ಮ ಬ್ಲಾಗಿನಲ್ಲಿ ಒಂದು ಬರಹ ಹಾಕಿದ್ದರು. ಅದೇ ಲೋಕದ ಇನ್ನೊಂದು ಸೀರಿಯಲ್ ‘ಹೌಸ್ ಆಫ್ ದ ಡ್ರ್ಯಾಗನ್’ ಮೇಲಿನ ತಕರಾರು. ಪುಸ್ತಕದಲ್ಲಿರೋ ಮೇಲೋರ್ ಅನ್ನೋ ಸಣ್ಣ ಮಗುವನ್ನು ಸೀರಿಯಲ್ ಕೈಬಿಟ್ಟಿದೆ, ಮಗು ಸಣ್ಣದಾದರೂ ಅದನ್ನು ಬಿಟ್ಟರೆ ಮುಂದೆ ಒಂದರ ಹಿಂದೆ ಒಂದು ಬೇರೆಯದೆಲ್ಲ ಕುಸಿಯುತ್ತೆ ಅಂತ ಅವರ ವಾದ. ಆಮೇಲೆ ಆ ಬರಹವನ್ನು ತೆಗೆದುಹಾಕಿದರು. ನಮ್ಮಂಥ ಕೋಡ್ ಬರೆಯೋರಿಗೆ ಈ ವಾದ ತಕ್ಷಣ ಅರ್ಥ ಆಗುತ್ತೆ. ಯಾರೂ ಬಳಸಲ್ಲ ಅಂತ ಒಂದು ಫಂಕ್ಷನ್ ಡಿಲೀಟ್ ಮಾಡ್ತೀವಿ, ಮೂರು ತಿಂಗಳ ಮೇಲೆ ಎಲ್ಲೋ ಇನ್ನೊಂದು ಕಡೆ ಮುರಿದು ಬೀಳುತ್ತೆ.

ಹಬ್ಬದ ಊಟ ಆದ ಮೇಲೆ ಪಡಸಾಲೆಯಲ್ಲಿ ಕೂತು ಇದನ್ನೆಲ್ಲ ಅಣ್ಣನಿಗೆ ಹೇಳ್ತಿದ್ದೆ. ಅವನು ಕೇಳಿದ: ‘ಹಂಗಂದ್ರ ಆ ಅಣ್ಣ ತಮ್ಮನ ಸೀನಿನ್ಯಾಗೂ ಏನೋ ಬಿಟ್ಟಾರಲ್ಲ? ಅವತ್ತ ನೀ ಹೇಳಲಿಲ್ಲ.’

ನಾಲ್ಕು ವರ್ಷ ಆ ಪ್ರಶ್ನೆ ಅವನ ತಲೆಯಲ್ಲಿತ್ತು. ಈ ಸಲ ಹೇಳಿದೆ.

ಟಿರಿಯನ್ ಹದಿಮೂರರ ಹುಡುಗನಿದ್ದಾಗ ಟೈಶಾ ಅನ್ನೋ ಬಡ ರೈತನ ಮಗಳನ್ನು ಇಷ್ಟಪಟ್ಟು ಮದುವೆ ಆಗಿರ್ತಾನೆ. ಅಪ್ಪನಿಗೆ ಸಿಟ್ಟು ಬರುತ್ತೆ. ಆಗ ಜೇಮಿ, ಅವಳು ದುಡ್ಡು ಕೊಟ್ಟು ಕರೆಸಿದ ವೇಶ್ಯೆ, ನಾನೇ ಏರ್ಪಾಡು ಮಾಡಿದ್ದು ಅಂತ ತಮ್ಮನಿಗೆ ಹೇಳ್ತಾನೆ. ಅಪ್ಪ ಆ ಹುಡುಗಿಗೆ ಮಾಡಿಸಿದ ಅನ್ಯಾಯ ಇಲ್ಲಿ ಬರೆಯುವಂಥದ್ದಲ್ಲ. ಸೀರಿಯಲ್‌ನಲ್ಲೂ ಮೊದಲನೇ ಸೀಸನ್ನಿನಲ್ಲಿ ಟಿರಿಯನ್ ಈ ಕಥೆಯನ್ನು ಹೇಳಿಕೊಳ್ತಾನೆ. ಪುಸ್ತಕದಲ್ಲಿ ಮುಂದಿನದೂ ಇದೆ. ಸೆರೆಮನೆಯಿಂದ ಬಿಡಿಸಿದ ರಾತ್ರಿ ಜೇಮಿ ನಿಜ ಒಪ್ಪಿಕೊಳ್ತಾನೆ. ಅವಳು ವೇಶ್ಯೆ ಆಗಿರಲೇ ಇಲ್ಲ, ಅಪ್ಪ ಹೇಳಿಸಿದ ಸುಳ್ಳು ಅದು. ತಮ್ಮ ಅಣ್ಣನಿಗೆ ಹೊಡೀತಾನೆ. ಜಾಫ್ರಿಯನ್ನು ಕೊಂದದ್ದು ನಾನೇ ಅಂತ ಬೇಕಂತಲೇ ಸುಳ್ಳು ಹೇಳಿ ಅವನನ್ನು ನೋಯಿಸ್ತಾನೆ. ಆಮೇಲೆ ಅಪ್ಪನ ಕೋಣೆಗೆ ಹೋಗ್ತಾನೆ.

‘ಅದಕ್ಕೇ ಹೋಗೂದು’ ಅಂದೆ. ‘ಸೀರಿಯಲ್‌ನಾಗ ಆ ಒಂದು ಮಾತು ತೆಗದಾರ, ಅದಕ್ಕ ನಿನಗ ಖಾಲಿ ಅನಿಸಿದ್ದು.’

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ತೆಗದದ್ದು ಚಲೋನ ಮಾಡ್ಯಾರ. ಅದನ್ನ ಹೇಳಿದ್ದರ ಕಡೀಕ ತಮ್ಮ ಬಂದು ಅಣ್ಣನ್ನ ಹೆಂಗ ಬಿಡಸ್ತಿದ್ದ?’

ಸೀರಿಯಲ್ ಮಾಡಿದವರ ಲೆಕ್ಕ ಅದೇ ಇತ್ತೋ ಇಲ್ಲವೋ, ಎಂಟನೇ ಸೀಸನ್ನಿನ ಆ ಅಪ್ಪುಗೆ ನಿಂತಿರೋದು ನಾಲ್ಕನೇ ಸೀಸನ್ನಿನಲ್ಲಿ ಆಡದೇ ಬಿಟ್ಟ ಮಾತಿನ ಮೇಲೆ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಸಿಕ್ಕಿದೆ. ಐದೂ ಸಂಪುಟ ಓದಿದ ನಾನು ಈ ಎರಡನ್ನೂ ಜೋಡಿಸಿ ನೋಡಿರಲಿಲ್ಲ.

ಆದರೂ ನಾನು ಬಿಡಲಿಲ್ಲ. ‘ಖರೇ ಹೇಳಬೇಕಣ್ಣಾ. ಎಷ್ಟು ವರ್ಷ ಮುಚ್ಚಿಡೂದು?’

ಎಲೆ ಅಡಿಕೆ ತಟ್ಟೆ ಇಡೋಕೆ ಬಂದ ವೈನಿ ಅಂದರು: ‘ಇವರಿಗೆ ಮುಚ್ಚಿಟ್ಟೇ ರೂಢಿ. ಸೀಟ್ ಸಿಕ್ಕಿದ್ದು ನಿಮಗ ಹೇಳ್ಯಾರೇನ್ರಿ?’

‘ನೀ ಒಳಗ ಹೋಗು’ ಅಂದ ಅಣ್ಣ.

ವೈನಿ ಹೋಗಲಿಲ್ಲ.

2013ರಲ್ಲಿ ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅದೇ ವರ್ಷ ಅಣ್ಣ ಬಿ.ಎಸ್ಸಿ. ಮುಗಿಸಿ ಧಾರವಾಡದಲ್ಲಿ ಎಂ.ಎಸ್ಸಿ.ಗೆ ಅರ್ಜಿ ಹಾಕಿದ್ದ. ಸೀಟು ಸಿಗಲಿಲ್ಲ ಅಂತ ಮನೆಗೆ ಬಂದ. ನಮ್ಮ ಮನೆಯಲ್ಲಿ ಅದು ಹನ್ನೊಂದು ವರ್ಷದಿಂದ ಹಾಗೇ ನಡೆದುಬಂದ ಮಾತು. ನೆಂಟರು ಬಂದರೆ ಅವ್ವ ಹೇಳ್ತಿದ್ದದ್ದು ಇಷ್ಟೇ: ‘ದೊಡ್ಡಾಂವಗ ಸಿಗಲಿಲ್ಲ, ಸಣ್ಣಾಂವಗ ಸಿಕ್ತು.’ ಅದನ್ನು ಕೇಳಿ ಕೇಳಿ ನಾನೂ ನಂಬಿದ್ದೆ. ಓದೋ ತಲೆ ನನ್ನದು, ಅವನದು ಹೊಲ.

ಹೊಲದ ಉತಾರ ಹುಡುಕುವಾಗ ಟ್ರಂಕಿನಲ್ಲಿ ವೈನಿಗೆ ಒಂದು ಕಾಗದ ಸಿಕ್ಕಿತ್ತಂತೆ. ಸೀಟು ಸಿಕ್ಕಿದೆ, ಇಂಥ ದಿನದೊಳಗೆ ಬಂದು ಫೀಸು ಕಟ್ಟಿ ಅಂತ. ಬಾಟನಿ.

ನಾನು ಹೊಡೆಯಲೂ ಇಲ್ಲ, ತಬ್ಬಿಕೊಳ್ಳಲೂ ಇಲ್ಲ. ಫೋನ್ ಬಂದ ಹಾಗೆ ಮಾಡಿ ಮಾಳಿಗೆ ಹತ್ತಿದೆ. ‘ಅದು ನಿನ್ನ ಕೈಲೆ ಆಗೂದಲ್ಲ ಬಿಡು’ ಅಂತ ನಾನು ಅಂದಿದ್ದು ಅದೇ ಗೋಡೆ ಹತ್ತಿರ.

ಮರುದಿನ ಬೆಳಿಗ್ಗೆ ಅಣ್ಣನ ಬೈಕಿನ ಹಿಂದೆ ಕೂತು ಹೊಲಕ್ಕೆ ಹೋದೆ. ಬದುವಿನ ಮೇಲೆ ನಡೀತಾ ಕೇಳಿದೆ, ಯಾಕ ಹೇಳಲಿಲ್ಲ ಅಂತ.

‘ಹೇಳಿದ್ದರ ನೀ ಹೋಗತಿದ್ದಿಲ್ಲ.’

‘ಹೋಗತಿದ್ದೆನೋ ಏನೋ’ ಅಂದೆ. ಅದು ನಿಜ. ಹದಿನೆಂಟು ವರ್ಷದ ನನಗೆ ಬೆಂಗಳೂರು ಬಿಟ್ಟರೆ ಬೇರೇನೂ ಕಾಣ್ತಿರಲಿಲ್ಲ.

ಅಣ್ಣ ನಕ್ಕ. ‘ಅದೂ ಗೊತ್ತಿತ್ತು. ಅದಕ್ಕೂ ಹೇಳಲಿಲ್ಲ.’

ಜೇಮಿಯ ಸುಳ್ಳು ತಮ್ಮನ ಬದುಕು ಹಾಳು ಮಾಡಿತು, ನಮ್ಮಣ್ಣನ ಸುಳ್ಳು ನನ್ನ ಬದುಕು ಕಟ್ಟಿತು. ಎರಡನ್ನೂ ಪಕ್ಕದಲ್ಲಿಟ್ಟು ತೂಗೋಕೆ ಬರಲ್ಲ. ನಿಜ ಕೇಳಿ ನನಗೆ ಹಗುರ ಆಯಿತೇ ಅಂದರೆ ಅದೂ ಇಲ್ಲ. ಆದರೆ ಗೊತ್ತಾಗದೇ ಇದ್ದಿದ್ದರೆ ನಾನು ಇನ್ನೂ ಎಷ್ಟು ವರ್ಷ ಆ ಮಾಳಿಗೆ ಮೇಲೆ ಜಾಣನಾಗಿ ಕೂತಿರ್ತಿದ್ದೆ ಅಂತ ಯೋಚನೆ ಬಂದರೆ ಮೈ ಝುಂ ಅನ್ನುತ್ತೆ.

ಬೆಂಗಳೂರಿಗೆ ಬಂದವನೇ ಚರ್ಚ್ ಸ್ಟ್ರೀಟಿಗೆ ಹೋಗಿ ಪೂರ್ತಿ ಸೆಟ್ ಖರೀದಿಸಿದೆ. ಇಲ್ಲಿ ಸಿಗೋ ಪೇಪರ್‌ಬ್ಯಾಕ್‌ನಲ್ಲಿ ಮೂರನೇ ಸಂಪುಟವನ್ನು ಎರಡು ಭಾಗ ಮಾಡಿರ್ತಾರೆ. ಅಣ್ಣ ತಮ್ಮನ ಆ ಅಧ್ಯಾಯ ಇರೋದು ಎರಡನೇ ಭಾಗದಲ್ಲಿ. ಅದಕ್ಕೆ ಗುರುತು ಇಟ್ಟು ಕಳಿಸೋಣ ಅಂದುಕೊಂಡೆ, ಬೇಡ ಅನಿಸಿತು. ಮೊದಲಿಂದ ಓದಲಿ. ಕೊರಿಯರ್ ಮಾಡಿದೆ.

ಅಣ್ಣ ನಿಧಾನ ಓದ್ತಾನೆ. ರಾತ್ರಿ ಎರಡು ಪುಟ, ಮಳೆ ಬಂದು ಹೊಲದ ಕೆಲಸ ನಿಂತರೆ ಹತ್ತು ಪುಟ. ಎರಡನೇ ಸಂಪುಟ ಮುಗಿದ ದಿನ ಫೋನ್ ಬಂತು. ದನಿಯಲ್ಲಿ ಸಿಟ್ಟು.

‘ಏನಪಾ ಇದು? ಆ ಸಣ್ಣ ಹುಡುಗಿ ಆರ್ಯಾ, ಟೈವಿನ್ ಮುದುಕನಿಗೆ ನೀರು ಕೊಟಗೋತ ಅವನ ಜೋಡಿ ಮಾತಾಡ್ತಿದ್ದಳಲ್ಲ, ಆ ಸೀನ್ ಎಲ್ಲಿ? ಎರಡೆರಡು ಸಲ ಹುಡುಕಿದೆ.’

ಪುಸ್ತಕದಲ್ಲಿ ಅದು ಇಲ್ಲ. ಅಲ್ಲಿ ಆರ್ಯಾ ಸೇವೆ ಮಾಡೋದು ರೂಸ್ ಬೋಲ್ಟನ್‌ಗೆ. ಟೈವಿನ್ ಜೊತೆಗಿನ ಸೀನುಗಳನ್ನೆಲ್ಲ ಸೀರಿಯಲ್‌ನವರೇ ಬರೆದು ಸೇರಿಸಿದ್ದು. ನಮ್ಮ ಪಕ್ಷದವರೂ ತಕರಾರಿಲ್ಲದೆ ಮೆಚ್ಚುವ ಸೀನುಗಳು ಅವು.

‘ಅದು ಸೀರಿಯಲ್‌ನಾಗ ಅಷ್ಟೇ ಅಣ್ಣಾ’ ಅಂದೆ.

‘ಹಂಗಾದ್ರ ಪುಸ್ತಕದಾಂವ ಒಂದು ಚಲೋ ಸೀನ್ ಬಿಟ್ಟಾನ ಬಿಡು’ ಅಂದ.

ನಾನು ತಿದ್ದೋಕೆ ಹೋಗಲಿಲ್ಲ.

‘ಮೂರನೇದು ಶುರು ಮಾಡ್ತೀನಿ. ಐದು ಮುಗಿಸಿದ ಮ್ಯಾಲೆ ಆರನೇದು ಕಳಿಸು.’

‘ಆರನೇದು ಇನ್ನೂ ಬರದ ಮುಗಿಸಿಲ್ಲ ಅಣ್ಣಾ.’

‘ಎಂದಿನಿಂದ?’

‘ಐದನೇದು ಬಂದದ್ದು 2011ಕ್ಕ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಎಲ್ಲೋ ವೈನಿ ದನಕ್ಕೆ ಬೈಯೋದು ಕೇಳಿಸಿತು.

‘ಆತು, ಮಳಿ ಕಾದಂಗ ಕಾಯೂದು’ ಅಂದ. ‘ನಾ ಓದೂದು ಹೆಂಗೂ ಸಾವಕಾಶ ಐತಿ.’