ಹಗುರವಾದ ಜಾಲತಾಣ

ನಮ್ಮ ಹೋಟೆಲುಗಳೂ ಸಂಘಗಳೂ ಜಾಲತಾಣಗಳನ್ನು ತೆರೆದಿರುವುದು ಸಂತೋಷದ ವಿಷಯವೇ ಸರಿ. ಆದರೆ ತಿಂಡಿಯ ದರ ನೋಡಬಂದವನ ಮುಂದೆ ಭಾರಿ ಚಿತ್ರಗಳನ್ನೂ ತಾನಾಗಿ ಓಡುವ ವಿಡಿಯೋವನ್ನೂ ಸುರಿಯುವುದು, ಒಂದು ಲೋಟ ಕಾಫಿಗಾಗಿ ಹಂಡೆ ನೀರು ಕಾಯಿಸಿದಂತೆ. ಜಾಲತಾಣಕ್ಕೆ ಹೊಗೆಗೂಡಿಲ್ಲ, ನಿಜ. ಅದನ್ನು ಕಾಯ್ದಿಡುವ ದತ್ತಾಂಶ ಕೇಂದ್ರಗಳಾದರೋ ಹಗಲಿರುಳು ವಿದ್ಯುತ್ತನ್ನು ಬಳಸುತ್ತಿವೆ. 2024ರಲ್ಲಿ ಜಗತ್ತಿನ ವಿದ್ಯುತ್ತಿನ ಶೇಕಡಾ 1.5ರಷ್ಟು ಇಂಥ ಕೇಂದ್ರಗಳಿಗೇ ವ್ಯಯವಾಯಿತೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ನಮ್ಮ ದೇಶದ ವಿದ್ಯುತ್ತಿನ ಬಹುಭಾಗವೋ ಇನ್ನೂ ಕಲ್ಲಿದ್ದಲಿನದು. ಆದುದರಿಂದ ಮಾಲಿಕ ಬಂಧುಗಳೇ, ಚಿತ್ರಗಳನ್ನು ಕುಗ್ಗಿಸಿರಿ. ವಿಡಿಯೋ ಬೇಕೆಂದವನಿಗೆ ಮಾತ್ರ ಓಡಲಿ. ದರಪಟ್ಟಿ ಬರಿಯ ಅಕ್ಷರಗಳಲ್ಲಿರಲಿ. ಕಲ್ಲಿದ್ದಲೂ ಉಳಿದೀತು, ದಿನದ ಡೇಟಾವನ್ನು ಎಣಿಸಿ ಬಳಸುವ ಮಾಣಿಯ, ಗುಮಾಸ್ತನ ಕಾಸೂ ಉಳಿದೀತು.